ಮಾಕುಟ್ಟ ಘಾಟಿಗೆ ಹೆದರದವರು ವಿಮಾನಕ್ಕೆ ಹೆದರುವುದೇಕೆ?

ವಿರಾಜಪೇಟೆಯಿಂದ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣಕ್ಕೆ ಸುಮಾರು 60 ಕಿಲೋಮೀಟರ್ ದಾರಿ. ಪೆರುಂಬಾಡಿ ದಾಟಿದ ಮೇಲೆ ಮಾಕುಟ್ಟ ಘಾಟಿಯ ತಿರುವುಗಳು ಶುರುವಾಗುತ್ತವೆ. ಒಂದು ಕಡೆ ಬರೆ, ಇನ್ನೊಂದು ಕಡೆ ಕಣಿವೆ, ರಸ್ತೆಯ ಮೇಲೆ ರಾತ್ರಿ ಆನೆ ನಡೆದುಹೋದ ಗುರುತು, ಮಳೆಗಾಲವಾದರೆ ಎಲ್ಲಿ ಮಣ್ಣು ಜರಿದಿದೆಯೋ ಎಂಬ ಅನುಮಾನ. ಅರವತ್ತು ದಾಟಿದ ನನ್ನ ಚಿಕ್ಕಮ್ಮ ಕಳೆದ ಚಳಿಗಾಲದಲ್ಲಿ ಒಂದು ದಿನ ಬೆಳಗಿನ ಜಾವ ಆ ದಾರಿಯುದ್ದಕ್ಕೂ ಕಾರಿನ ಹಿಂದಿನ ಸೀಟಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದರು. ನಿಲ್ದಾಣದ ಗಾಜಿನ ಬಾಗಿಲು ಕಂಡೊಡನೆ ಮಾತ್ರ ಅವರ ಬೆರಳುಗಳು ತಣ್ಣಗಾದವು, ತುಟಿ ಒಣಗಿತು, ಬ್ಯಾಗಿನ ಹಿಡಿಯನ್ನು ಬಿಗಿಹಿಡಿದ ಕೈ ಸಡಿಲಾಗಲಿಲ್ಲ. ಮಸ್ಕತ್ತಿನಲ್ಲಿರುವ ಮಗಳ ಮನೆಗೆ ಹೋಗಲು ಅದಕ್ಕೂ ಮೊದಲು ಎರಡು ಸಲ ಟಿಕೆಟ್ ಮಾಡಿಸಿ, ಎರಡು ಸಲವೂ ರದ್ದು ಮಾಡಿಸಿದ್ದರು.

ಯಾವುದು ಹೆಚ್ಚು ಅಪಾಯದ ದಾರಿ ಎಂದು ಲೆಕ್ಕ ಹಾಕಿದರೆ ಅವರು ಹೆದರಬೇಕಾದದ್ದು ಘಾಟಿಗೆ. ಆದರೆ ಭಯ ಲೆಕ್ಕ ನೋಡಿ ಬರುವಂಥದ್ದಲ್ಲ. ಘಾಟಿಯ ಪ್ರತಿ ತಿರುವೂ ಅವರಿಗೆ ಗೊತ್ತು, ಬ್ರೇಕಿನ ಸದ್ದು ಯಾವುದು, ಗೇರು ಬದಲಿಸಿದ ಸದ್ದು ಯಾವುದು ಎಂದು ನಿದ್ದೆಗಣ್ಣಿನಲ್ಲೂ ಕಿವಿಗೆ ತಿಳಿಯುತ್ತದೆ. ಬಯಲುಸೀಮೆಯಿಂದ ಬಂದವರು ಅದೇ ತಿರುವುಗಳಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವುದನ್ನು ನಾವು ನೋಡಿದ್ದೇವೆ. ವಿಮಾನದ ಒಳಗೆ ನಾವು ಆ ಬಯಲುಸೀಮೆಯವರ ಸ್ಥಿತಿಯಲ್ಲಿರುತ್ತೇವೆ. ಚಾಲಕ ಕಾಣುವುದಿಲ್ಲ, ಮುಂದಿನ ದಾರಿ ಕಾಣುವುದಿಲ್ಲ, ಕೇಳಿಸುವ ಸದ್ದುಗಳಿಗೆ ಅರ್ಥ ತಿಳಿದಿರುವುದಿಲ್ಲ, ನಿಲ್ಲಿಸಿ ಎಂದು ಹೇಳಿ ಇಳಿಯುವ ಅವಕಾಶವೂ ಇರುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಭಯದ ದೊಡ್ಡ ಪಾಲು ಇರುವುದು ಇಲ್ಲಿಯೇ.

ಕೊಡಗಿನಲ್ಲಿ ಈ ಭಯವನ್ನು ಬಾಯಿಬಿಟ್ಟು ಹೇಳುವುದಕ್ಕೆ ಇನ್ನೊಂದು ತೊಡಕೂ ಇದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ನಾಡು ಇದು. 1965ರ ಯುದ್ಧದಲ್ಲಿ ಸರ್ಗೋಧಾದ ಮೇಲಿನ ದಾಳಿಗೆ ಹೋಗಿ ಹಿಂದಿರುಗದ, 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರೂ ಇಲ್ಲಿಯವರೇ. ಮನೆಗೊಬ್ಬರು ಸೇನೆಯಲ್ಲಿರುವ ಊರಿನಲ್ಲಿ, ಪ್ರಯಾಣಿಕರ ವಿಮಾನದಲ್ಲಿ ಸುಮ್ಮನೆ ಕುಳಿತುಕೊಳ್ಳಲು ಭಯವಾಗುತ್ತದೆ ಎಂದು ಹೇಳಿದರೆ ಯಾರಾದರೂ ನಕ್ಕಾರು ಎಂಬ ಅಳುಕು ಇರುತ್ತದೆ. ಆದ್ದರಿಂದ ಕೆಲಸದ ಒತ್ತಡ, ಕಾಫಿ ಕೊಯ್ಲು, ಮೊಣಕಾಲು ನೋವು ಮುಂತಾದ ಕಾರಣಗಳು ಹುಟ್ಟಿಕೊಳ್ಳುತ್ತವೆ. ಈ ಭಯಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ. ಕೋವಿ ಹಿಡಿದು ಕಾಡಿಗೆ ಹೋಗುವವರಿಗೂ, ಕರಿಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಹತ್ತುವವರಿಗೂ ಅದು ಬರುತ್ತದೆ.

ವಿಮಾನದ ಭಯ ಎಂಬುದು ಎಲ್ಲರಲ್ಲೂ ಒಂದೇ ಭಯವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಕೆಲವರಿಗೆ ವಿಮಾನ ಬಿದ್ದೀತೆಂಬ ಚಿಂತೆ. ಕೆಲವರಿಗೆ ಬೀಳುವ ಚಿಂತೆಯೇ ಇಲ್ಲ, ಬಾಗಿಲು ಮುಚ್ಚಿದ ಮೇಲೆ ಹೊರಗೆ ಹೋಗಲಾಗದು ಎಂಬುದೇ ಉಸಿರು ಕಟ್ಟಿಸುತ್ತದೆ; ಅವರಿಗೆ ಲಿಫ್ಟಿನಲ್ಲೂ, ಸ್ಕ್ಯಾನಿಂಗ್ ಯಂತ್ರದ ಒಳಗೂ ಹಾಗೆಯೇ ಆಗುತ್ತದೆ. ಇನ್ನು ಕೆಲವರ ಹೆದರಿಕೆ ತಮ್ಮ ಬಗ್ಗೆಯೇ: ಎಲ್ಲರ ಎದುರು ಎದೆ ಹೊಡೆದುಕೊಂಡು ಕಿರುಚಿಬಿಟ್ಟರೆ, ಪ್ರಜ್ಞೆ ತಪ್ಪಿದರೆ ಎಂಬುದು. ತಮ್ಮದು ಯಾವ ಬಗೆಯದು ಎಂದು ಗುರುತಿಸಿಕೊಳ್ಳದೆ ಪರಿಹಾರ ಹುಡುಕಿದರೆ ಶ್ರಮ ವ್ಯರ್ಥವಾಗುತ್ತದೆ. ಮುಚ್ಚಿದ ಜಾಗಕ್ಕೆ ಹೆದರುವವರಿಗೆ ರೆಕ್ಕೆಯ ಬಲದ ಬಗ್ಗೆ ಎಷ್ಟು ಪಾಠ ಹೇಳಿದರೂ ಪ್ರಯೋಜನವಾಗದು.

ದೇಹದಲ್ಲಿ ನಡೆಯುವುದು ಮಾತ್ರ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಮಿದುಳಿನ ಒಳಗೆ ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಸಣ್ಣ ಭಾಗವಿದೆ. ಅಪಾಯದ ಸುಳಿವು ಸಿಕ್ಕಿದರೆ ಅದು ವಿಚಾರ ಮಾಡುವ ಭಾಗ ಎಚ್ಚರಗೊಳ್ಳುವ ಮೊದಲೇ ಕರೆಗಂಟೆ ಬಾರಿಸುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಕ್ಕೆ ಓಡುತ್ತದೆ. ಹೀಗೆ ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಮಿತಿಗಿಂತ ಕಡಿಮೆಯಾಗಿ ಬೆರಳ ತುದಿಗಳು ಜುಮುಗುಡುತ್ತವೆ, ತಲೆ ಹಗುರಾಗುತ್ತದೆ, ಎದೆ ಬಿಗಿದಂತಾಗುತ್ತದೆ. ಉಸಿರು ಸಾಲದೆಂದು ತೋರಿದರೂ ನಿಜವಾಗಿ ನಡೆಯುತ್ತಿರುವುದು ಅಗತ್ಯಕ್ಕಿಂತ ಹೆಚ್ಚಿನ ಉಸಿರಾಟ. ಈ ಲಕ್ಷಣಗಳನ್ನು ಕಂಡು ಮನಸ್ಸು ಇನ್ನಷ್ಟು ಗಾಬರಿಯಾಗುತ್ತದೆ, ಗಾಬರಿಯಿಂದ ಲಕ್ಷಣಗಳು ಇನ್ನಷ್ಟು ಹೆಚ್ಚುತ್ತವೆ. ಸಾಮಾನ್ಯವಾಗಿ ಈ ಅಲೆ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಏಕೆಂದರೆ ದೇಹ ಅಷ್ಟು ಎತ್ತರದ ಉದ್ವೇಗವನ್ನು ಹೆಚ್ಚು ಹೊತ್ತು ಹಿಡಿದಿಡಲಾರದು.

ಅಲೆ ಇಳಿಯುವ ಮೊದಲೇ ಓಡಿಹೋದರೆ ಏನಾಗುತ್ತದೆ ಎಂಬುದರಲ್ಲಿ ಈ ವಿಷಯದ ಗುಟ್ಟಿದೆ. ಚಿಕ್ಕಮ್ಮ ಮೊದಲ ಸಲ ಟಿಕೆಟ್ ರದ್ದು ಮಾಡಿಸಿದ ಸಂಜೆ ಅವರಿಗೆ ಅಪಾರ ಸಮಾಧಾನವಾಗಿತ್ತು, ರಾತ್ರಿ ಚೆನ್ನಾಗಿ ಊಟ ಮಾಡಿದರು. ಆ ಸಮಾಧಾನವೇ ಬಲೆ. ‘ಹೋಗಲಿಲ್ಲ, ಆದ್ದರಿಂದ ಬದುಕಿಕೊಂಡೆ’ ಎಂದು ಮಿದುಳು ಲೆಕ್ಕ ಬರೆದುಕೊಂಡಿತು. ಎರಡನೆಯ ಸಲ ದಿನಾಂಕ ಹತ್ತಿರವಾದಾಗ ಭಯ ಮೊದಲಿಗಿಂತ ಬೇಗ ಬಂತು, ಮೊದಲಿಗಿಂತ ಜೋರಾಗಿ ಬಂತು. ಭಯ ಪೂರ್ತಿ ಹೋದ ಮೇಲೆ ವಿಮಾನ ಹತ್ತೋಣ ಎಂದು ಕಾಯುವವರು ಹತ್ತುವುದೇ ಇಲ್ಲ. ಭಯವನ್ನು ಜೊತೆಯಲ್ಲೇ ಕರೆದುಕೊಂಡು ಹತ್ತಿ, ಅಲೆ ಏರಿ ಇಳಿಯುವುದನ್ನು ಕುಳಿತಲ್ಲೇ ಕಂಡಾಗ ಮಾತ್ರ ಮಿದುಳು ಹಳೆಯ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಮನೋವೈದ್ಯರು ಇದನ್ನೇ ಹಂತಹಂತವಾಗಿ ಮಾಡಿಸುತ್ತಾರೆ.

ಹಾಗಾದರೆ ಹತ್ತುವ ಮೊದಲು ತಿಳಿದಿರಬೇಕಾದದ್ದೇನು? ನಮ್ಮ ಪಕ್ಕದ ತೋಟದ ಹಿರಿಯರೊಬ್ಬರು ವಾಯುಪಡೆಯಲ್ಲಿ ಇಂಜಿನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅವರು ಚಿಕ್ಕಮ್ಮನನ್ನು ಜಗಲಿಯಲ್ಲಿ ಕೂರಿಸಿಕೊಂಡು, ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಯಲ್ಲಿ ವಿಮಾನದೊಳಗೆ ಯಾವಾಗ ಯಾವ ಸದ್ದು ಕೇಳಿಸುತ್ತದೆ, ಯಾವಾಗ ಹೊಟ್ಟೆಯಲ್ಲಿ ಹೇಗಾಗುತ್ತದೆ ಎಂದು ಪೆನ್ಸಿಲಿನಲ್ಲಿ ಒಂದೊಂದಾಗಿ ಬರೆದುಕೊಟ್ಟರು. ‘ಹೆದರಬೇಡ ಅಂತ ನಾನು ಹೇಳೋದಿಲ್ಲ ತಂಗಿ. ಇದರಲ್ಲಿ ಬರೆದದ್ದು ಬಂದಾಗ ಒಂದು ಟಿಕ್ ಹಾಕು, ಅಷ್ಟು ಸಾಕು’ ಎಂದರು. ನಾನು ಓದಿದ ಯಾವ ಸಲಹೆಗಿಂತಲೂ ಆ ಹಾಳೆ ಹೆಚ್ಚು ಕೆಲಸ ಮಾಡಿತು. ಆದ್ದರಿಂದ ಅದರಲ್ಲಿದ್ದುದನ್ನು ಇಲ್ಲಿ ವಿಸ್ತರಿಸಿ ಹೇಳುತ್ತೇನೆ.

ಮೊದಲಿಗೆ ಗಾಳಿಯ ಬಲದ ಮಾತು. ಇಷ್ಟು ಭಾರದ ಲೋಹ ಬರಿಯ ಗಾಳಿಯ ಮೇಲೆ ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಅನೇಕರನ್ನು ಒಳಗೊಳಗೆ ಕಾಡುತ್ತದೆ. ಆಷಾಢದ ಮಳೆಗಾಳಿಯಲ್ಲಿ ಮಡಿಕೇರಿಯ ಬೀದಿಯಲ್ಲಿ ಕೊಡೆ ಹಿಡಿದು ನಡೆದವರಿಗೆ ಉತ್ತರದ ಅರ್ಧ ಗೊತ್ತಿದೆ. ಗಂಟೆಗೆ ಐವತ್ತು ಕಿಲೋಮೀಟರ್ ವೇಗದ ಗಾಳಿಯೇ ಕೊಡೆಯನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ, ಐದರಷ್ಟಾದರೆ ಇಪ್ಪತ್ತೈದರಷ್ಟು. ವಿಮಾನ ನೆಲ ಬಿಡುವುದು ಸುಮಾರು 250ರಿಂದ 280 ಕಿ.ಮೀ. ವೇಗದಲ್ಲಿ. ಆ ವೇಗದಲ್ಲಿ ರೆಕ್ಕೆಯು ಎದುರಾಗುವ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಕೆಳಕ್ಕೆ ತಳ್ಳಿಸಿಕೊಂಡ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಇದೇ ಕ್ರಿಯೆಯಲ್ಲಿ ರೆಕ್ಕೆಯ ಮೇಲ್ಭಾಗದ ಒತ್ತಡ ಕೆಳಭಾಗದ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ ಎ320 ಬಗೆಯ ವಿಮಾನ ತುಂಬಿದಾಗ 78 ಟನ್ ಆಸುಪಾಸು ತೂಗುತ್ತದೆ, ರೆಕ್ಕೆಗಳ ಹರವು ಸುಮಾರು 122 ಚದರ ಮೀಟರ್. ಎಂದರೆ ಒಂದು ಚದರ ಮೀಟರ್ ಹೊರಬೇಕಾದ ಭಾರ 640 ಕೆ.ಜಿ., ಕಾಫಿಯ ಲೆಕ್ಕದಲ್ಲಿ ಹೇಳುವುದಾದರೆ 50 ಕೆ.ಜಿ.ಯ ಹದಿಮೂರು ಮೂಟೆ. ಸಮುದ್ರಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿ ಪ್ರತಿ ಚದರ ಮೀಟರಿನ ಮೇಲೆ ಹಾಕುವ ಒತ್ತಡ ಸುಮಾರು ಹತ್ತು ಟನ್. ಅದರಲ್ಲಿ ನೂರಕ್ಕೆ ಆರು ಏಳು ಪಾಲಿನ ವ್ಯತ್ಯಾಸ ರೆಕ್ಕೆಯ ಮೇಲೂ ಕೆಳಗೂ ಸಿಕ್ಕಿದರೆ ವಿಮಾನ ನಿಲ್ಲುತ್ತದೆ. ಬರಿಯ ಗಾಳಿ ಎಂದು ನಾವು ಹೇಳುವುದು ಕಣ್ಣಿಗೆ ಕಾಣದ ಕಾರಣಕ್ಕಷ್ಟೆ.

ಇಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ರೆಕ್ಕೆಗೆ ಬೇಕಾದದ್ದು ವೇಗ. ಇಂಜಿನ್ ಇಲ್ಲದಾಗ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಟ್ಟು ಆ ವೇಗವನ್ನು ಉಳಿಸಿಕೊಳ್ಳಬಹುದು. ಘಾಟಿಯ ಇಳಿಜಾರಿನಲ್ಲಿ ಗಾಡಿ ತಾನಾಗಿ ಉರುಳಿಬರುವ ಹಾಗೆ ಅದು. ದೊಡ್ಡ ಪ್ರಯಾಣಿಕ ವಿಮಾನವೊಂದು ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು ಹದಿನೈದು ಕಿಲೋಮೀಟರ್ ಮುಂದಕ್ಕೆ ತೇಲಬಲ್ಲದು. ಮಡಿಕೇರಿಯ ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತಿರುವ ವಿಮಾನದ ಎರಡೂ ಇಂಜಿನ್ ನಿಂತವೆಂದು ಇಟ್ಟುಕೊಂಡರೂ ಕಣ್ಣೂರು, ಮಂಗಳೂರು ಎರಡೂ ನಿಲ್ದಾಣಗಳು ಅದು ತೇಲಿಹೋಗುವ ದೂರದೊಳಗೇ ಇವೆ. ಇದು ಪುಸ್ತಕದ ಮಾತಷ್ಟೇ ಅಲ್ಲ. 1983ರಲ್ಲಿ ಕೆನಡಾದಲ್ಲಿ ಇಂಧನ ಮುಗಿದ ಬೋಯಿಂಗ್ 767 ವಿಮಾನವನ್ನು ಗಿಮ್ಲಿ ಎಂಬಲ್ಲಿ ಹೀಗೆ ತೇಲಿಸಿ ಇಳಿಸಿದರು. 2001ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಇಂಧನ ಸೋರಿಹೋದ ಏರ್‌ಬಸ್ ಎ330 ಇಂಜಿನ್ ಇಲ್ಲದೆ ತೇಲಿ ಅಜೋರ್ಸ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 306 ಮಂದಿಯೂ ಉಳಿದರು. ಎರಡೂ ಇಂಜಿನ್ ಒಟ್ಟಿಗೆ ನಿಲ್ಲುವುದು ಅತ್ಯಂತ ಅಪರೂಪ. ಒಂದು ನಿಂತರೆ ಇನ್ನೊಂದರಿಂದಲೇ ಮೇಲೇರಿ, ಹಾರಿ, ಇಳಿಯುವಂತೆ ಪ್ರತಿ ವಿಮಾನವನ್ನೂ ಕಟ್ಟಿರುತ್ತಾರೆ, ಪೈಲಟ್‌ಗಳಿಗೆ ಅದನ್ನು ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಮಾಡಿಸುತ್ತಾರೆ.

ಆ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದ ಸಾಲು ನೆಲ ಬಿಟ್ಟ ಮೊದಲ ಒಂದೆರಡು ನಿಮಿಷದ್ದು. ರನ್‌ವೇ ಬಿಟ್ಟ ಕೆಲವೇ ಕ್ಷಣಗಳಲ್ಲಿ ಕಾಲಡಿಯಲ್ಲಿ ಗುಡುಗುಡು ಎಂದು ಸದ್ದಾಗಿ ಧಡ್ ಎಂದು ನಿಲ್ಲುತ್ತದೆ. ಚಕ್ರಗಳು ಒಳಗೆ ಸೇರಿ ಅವುಗಳ ಬಾಗಿಲು ಮುಚ್ಚಿದ ಸದ್ದು ಅದು. ಆಮೇಲೆ ಸಾವಿರದಿಂದ ಸಾವಿರದೈನೂರು ಅಡಿ ಎತ್ತರದ ಹೊತ್ತಿಗೆ ಇಂಜಿನ್ ಸದ್ದು ಇದ್ದಕ್ಕಿದ್ದಂತೆ ತಗ್ಗುತ್ತದೆ, ಹೊಟ್ಟೆ ಕೆಳಕ್ಕೆ ಜಾರಿದಂತಾಗುತ್ತದೆ, ವಿಮಾನ ಬೀಳುತ್ತಿದೆ ಎಂದು ಮೈಯೆಲ್ಲ ಹೇಳುತ್ತದೆ. ಭಯಪಡುವವರಲ್ಲಿ ಹೆಚ್ಚಿನವರು ಸೀಟಿನ ಕೈ ಹಿಡಿಯುವುದು ಆಗಲೇ. ನೆಲ ಬಿಡುವಾಗ ಬೇಕಾಗಿದ್ದ ಹೆಚ್ಚಿನ ಶಕ್ತಿಯನ್ನು, ಕೆಲಸವಾದ ಮೇಲೆ, ಇಂಜಿನ್‌ಗೆ ಹಿತವಾದ ಮಟ್ಟಕ್ಕೆ ಇಳಿಸುವುದು ಪ್ರತಿ ಹಾರಾಟದಲ್ಲೂ ನಡೆಯುವ ಕ್ರಮ. ವಿಮಾನ ಆಗಲೂ ಏರುತ್ತಲೇ ಇರುತ್ತದೆ, ಏರುವ ರಭಸ ಮಾತ್ರ ಕಡಿಮೆಯಾಗಿರುತ್ತದೆ. ನಮ್ಮ ಒಳಕಿವಿಯ ಸಮತೋಲನದ ಅಂಗ ವೇಗವನ್ನು ಅಳೆಯಲಾರದು, ವೇಗದ ಬದಲಾವಣೆಯನ್ನು ಮಾತ್ರ ಅಳೆಯುತ್ತದೆ. ಕಣ್ಣಿಗೆ ದಿಗಂತ ಕಾಣದಿದ್ದಾಗ ರಭಸ ತಗ್ಗಿದ್ದನ್ನೇ ಅದು ಬೀಳುವಿಕೆ ಎಂದು ತಪ್ಪು ತಿಳಿಯುತ್ತದೆ. ಇದು ತಿಳಿದಿದ್ದರೂ ಹೊಟ್ಟೆ ಜಾರುತ್ತದೆ, ಆದರೆ ಜಾರಿದ್ದಕ್ಕೆ ಹೆಸರಿರುತ್ತದೆ.

ಉಳಿದ ಸದ್ದುಗಳು ಬೇಗ ಹೇಳಿ ಮುಗಿಸುವಂಥವು. ರೆಕ್ಕೆಯ ಹಿಂಬದಿಯ ಹಲಗೆಗಳು ಚಾಚುವಾಗ ಮತ್ತು ಒಳಸೇರುವಾಗ ಯಂತ್ರ ತಿರುಗಿದ ಕೊರೆತದ ಸದ್ದು ಬರುತ್ತದೆ. ಟಿಂಗ್ ಎಂಬ ಗಂಟೆ ಹೆಚ್ಚಿನಂಶ ಸೀಟ್ ಬೆಲ್ಟಿನ ದೀಪಕ್ಕೋ, ಯಾರೋ ನೀರು ಕೇಳಿದ್ದಕ್ಕೋ ಆಗಿರುತ್ತದೆ. ಇಳಿದ ಮೇಲೆ ರೆಕ್ಕೆಯ ಮೇಲಿನ ಹಲಗೆಗಳು ಸೆಟೆದು ನಿಲ್ಲುತ್ತವೆ, ಇಂಜಿನ್ ಅಬ್ಬರಿಸುತ್ತದೆ. ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಕ್ರಮ ಅದು. ಕಿವಿ ಮುಚ್ಚಿಕೊಳ್ಳುವುದು ಸಂಪಾಜೆ ಘಾಟಿ ಇಳಿಯುವಾಗ ಆಗುವುದೇ. ವಿಮಾನದೊಳಗಿನ ಗಾಳಿಯ ಒತ್ತಡವನ್ನು ಹೆಚ್ಚೆಂದರೆ 8000 ಅಡಿ ಎತ್ತರದ ಮಟ್ಟಕ್ಕೆ, ಎಂದರೆ ಊಟಿಗಿಂತ ತುಸು ಮೇಲಿನ ಮಟ್ಟಕ್ಕೆ ಇಟ್ಟಿರುತ್ತಾರೆ. ಒಳಗಿನ ಮತ್ತು ಹೊರಗಿನ ಒತ್ತಡಗಳ ಈ ವ್ಯತ್ಯಾಸವೇ ಬಾಗಿಲನ್ನು ಹಲವು ಟನ್ ಬಲದಿಂದ ಚೌಕಟ್ಟಿಗೆ ಬಿಗಿದಿರುತ್ತದೆ. ಅಷ್ಟೆತ್ತರದಲ್ಲಿ ಯಾರೋ ಎದ್ದುಹೋಗಿ ಬಾಗಿಲು ತೆರೆದಾರು ಎಂಬ ಚಿಂತೆ ಬೇಡ, ಮನುಷ್ಯನ ತೋಳಿಗೆ ಅದು ಆಗದು.

ಕುಲುಕಾಟದ ಬಗ್ಗೆ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಈ ಭಯವಿರುವ ಹತ್ತು ಮಂದಿಯನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಅದನ್ನೇ. ಗಾಳಿಯಲ್ಲಿ ಗುಂಡಿಗಳಿರುತ್ತವೆ, ವಿಮಾನ ಅದರೊಳಗೆ ಬೀಳುತ್ತದೆ ಎಂಬುದು ಜನರ ಕಲ್ಪನೆ. ಗಾಳಿಯಲ್ಲಿ ಖಾಲಿ ಗುಂಡಿ ಎಂಬುದಿಲ್ಲ. ಗಾಳಿ ಹೊಳೆಯ ಹಾಗೆ ಹರಿಯುತ್ತದೆ. ದುಬಾರೆಯ ಹತ್ತಿರ ಕಾವೇರಿ ಬಂಡೆಯ ಮೇಲೆ ಹರಿದಿಳಿದು ಆಚೆ ಬದಿಯಲ್ಲಿ ಹೇಗೆ ಅಲೆ ಅಲೆಯಾಗುತ್ತದೆಯೋ ಹಾಗೆಯೇ ಅರಬ್ಬಿ ಸಮುದ್ರದ ಕಡೆಯಿಂದ ಬರುವ ಗಾಳಿ ಪಶ್ಚಿಮಘಟ್ಟದ ಸಾಲಿಗೆ ಬಡಿದು ಮೇಲೇರಿ, ಶಿಖರ ದಾಟಿದ ಮೇಲೆ ಅಲೆಗಳಾಗಿ ಏಳುತ್ತದೆ, ಬೀಳುತ್ತದೆ. ಬೇಸಿಗೆಯ ಮಧ್ಯಾಹ್ನ ಕಾದ ನೆಲದಿಂದ ಬಿಸಿಗಾಳಿಯ ಕಂಬಗಳು ಏಳುತ್ತವೆ. ಇನ್ನೂ ಮೇಲೆ, ವೇಗವಾಗಿ ಹರಿಯುವ ಗಾಳಿಯ ಪ್ರವಾಹದ ಅಂಚಿನಲ್ಲಿ, ಮೋಡವೇ ಇಲ್ಲದ ಆಕಾಶದಲ್ಲೂ ಸುಳಿಗಳಿರುತ್ತವೆ. ನಮ್ಮ ಭಾಗದಿಂದ ಹಾರುವವರಿಗೆ ಘಟ್ಟ ದಾಟುವಾಗ ಕುಲುಕಾಟ ಸಿಗುವುದು ಸಹಜ, ಮಳೆಗಾಲದಲ್ಲಿ ಇನ್ನೂ ಸಹಜ. ತೆಪ್ಪ ಅಲೆಯ ಮೇಲೆ ಏರಿಳಿದರೆ ಹೊಳೆಯೊಳಗೆ ಬಿದ್ದುಹೋಯಿತು ಎಂದು ನಾವು ಹೇಳುವುದಿಲ್ಲ. ಸಾಮಾನ್ಯ ಕುಲುಕಾಟದಲ್ಲಿ ವಿಮಾನದ ಎತ್ತರ ಬದಲಾಗುವುದು ಕೆಲವೇ ಮೀಟರುಗಳಷ್ಟು, ಅದೂ ಹತ್ತು ಸಾವಿರ ಮೀಟರ್ ಎತ್ತರದಲ್ಲಿ. ಸೀಟಿನ ಮುಂದೆ ಅರ್ಧ ನೀರಿರುವ ಬಾಟಲಿಯನ್ನಿಟ್ಟು ನೋಡಿದರೆ, ಮನಸ್ಸು ಹೇಳುವಷ್ಟು ನೀರು ಅಲ್ಲಾಡುವುದಿಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ.

ರೆಕ್ಕೆ ಬಾಗುವುದನ್ನು ಕಿಟಕಿಯಿಂದ ಕಂಡು ಹೆದರುವವರೂ ಇದ್ದಾರೆ. ತೋಟದಲ್ಲಿ ಗಾಳಿಗೆ ಮುರಿಯುವುದು ಒಣಗಿ ಸೆಟೆದ ಕೊಂಬೆ, ಹಸಿ ಕೊಂಬೆ ಬಾಗಿ ಉಳಿಯುತ್ತದೆ. ವಿಮಾನದ ರೆಕ್ಕೆಯನ್ನು ಬಾಗಲೆಂದೇ ಮಾಡಿರುತ್ತಾರೆ. ಅದರ ಇಡೀ ಸೇವಾವಧಿಯಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರವನ್ನು ಮೊದಲು ಲೆಕ್ಕಹಾಕಿ, ಅದರ ಒಂದೂವರೆ ಪಟ್ಟು ಭಾರವನ್ನು ತಾಳಿದ ಮೇಲೆಯೇ ಅದಕ್ಕೆ ಒಪ್ಪಿಗೆ ಸಿಗುತ್ತದೆ. 1995ರಲ್ಲಿ ಬೋಯಿಂಗ್ 777ರ ರೆಕ್ಕೆಯನ್ನು ಬೇಕೆಂದೇ ಮುರಿಯುವವರೆಗೆ ಎಳೆದಾಗ ಅದು ಮುರಿದದ್ದು ಆ ಅತಿ ಹೆಚ್ಚಿನ ಭಾರದ ಶೇ. 154ರಲ್ಲಿ.

ಆದರೆ ಕುಲುಕಾಟದಲ್ಲಿ ಅಪಾಯವೇ ಇಲ್ಲ ಎಂದು ನಾನು ಹೇಳಲಾರೆ. 2024ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ವಿಮಾನ ಮ್ಯಾನ್ಮಾರ್ ಮೇಲೆ ತೀವ್ರ ಕುಲುಕಾಟಕ್ಕೆ ಸಿಕ್ಕಿ, ಒಬ್ಬ ಪ್ರಯಾಣಿಕರು ಸತ್ತು ಹಲವರಿಗೆ ಗಾಯಗಳಾದವು. ಹವಾಮಾನ ಬದಲಾವಣೆಯೂ ಇದಕ್ಕೆ ಸೇರಿಕೊಂಡಿದೆ: ಉತ್ತರ ಅಟ್ಲಾಂಟಿಕ್ ಮಾರ್ಗದಲ್ಲಿ ಮೋಡವಿಲ್ಲದ ಆಕಾಶದ ತೀವ್ರ ಕುಲುಕಾಟ 1979ರಿಂದ 2020ರ ನಡುವೆ ಶೇ. 55ರಷ್ಟು ಹೆಚ್ಚಿತೆಂದು ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಅಧ್ಯಯನವೊಂದು 2023ರಲ್ಲಿ ತಿಳಿಸಿತು. ಇಂಥ ಘಟನೆಗಳಲ್ಲಿ ಸಾಮಾನ್ಯವಾಗಿ ಪೆಟ್ಟು ತಿನ್ನುವವರು ಬೆಲ್ಟ್ ಹಾಕದೆ ಕುಳಿತವರು ಅಥವಾ ನಿಂತಿದ್ದವರು. ಆದ್ದರಿಂದ ದೀಪ ಆರಿದ ಮೇಲೂ, ನಿದ್ದೆ ಮಾಡುವಾಗಲೂ, ಬೆಲ್ಟನ್ನು ಸ್ವಲ್ಪ ಸಡಿಲವಾಗಿಯಾದರೂ ಹಾಕಿಕೊಂಡೇ ಇರಬೇಕು. ಭಯಪಡುವವರು ಪಟ್ಟಾಗಿ ಪಾಲಿಸಬೇಕಾದ ನಿಯಮ ಇದೊಂದೇ.

ಅಪಘಾತದ ಮಾತನ್ನು ತೇಲಿಸಿ ಬಿಡುವುದೂ ಸರಿಯಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ, 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ 21 ಮಂದಿ ತೀರಿಕೊಂಡರು. ಎರಡೂ ನಾವು ಬಳಸುವ ನಿಲ್ದಾಣಗಳೇ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನದಲ್ಲಿದ್ದ 242 ಮಂದಿಯಲ್ಲಿ 241 ಮಂದಿ ಸತ್ತರು. ಚಿಕ್ಕಮ್ಮ ಎರಡನೆಯ ಟಿಕೆಟ್ ರದ್ದು ಮಾಡಿಸಿದ್ದು ಅದಾದ ವಾರದಲ್ಲಿ, ಟಿ.ವಿ.ಯಲ್ಲಿ ಅದೇ ದೃಶ್ಯವನ್ನು ನೂರು ಸಲ ನೋಡಿದ ಮೇಲೆ. ಕಣ್ಣಿಗೆ ಕಟ್ಟಿದ್ದು ಹೆಚ್ಚು ನಡೆಯುವಂಥದ್ದೆಂದು ಮನಸ್ಸು ನಂಬುತ್ತದೆ. ರಸ್ತೆಯ ಸಾವು ಹಾಗೆ ಕಣ್ಣಿಗೆ ಕಟ್ಟುವುದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಎಂದರೆ ದಿನಕ್ಕೆ 460ಕ್ಕೂ ಹೆಚ್ಚು. ಅಮೆರಿಕದ ಎಂಐಟಿಯ ಅರ್ನಾಲ್ಡ್ ಬಾರ್ನೆಟ್ ಅವರ ಲೆಕ್ಕದಂತೆ, 2018ರಿಂದ 2022ರ ಅವಧಿಯಲ್ಲಿ ಜಗತ್ತಿನ ವಾಣಿಜ್ಯ ವಿಮಾನಗಳಲ್ಲಿ ಪ್ರಯಾಣಿಕರು ಹತ್ತಿದ ಪ್ರತಿ 1 ಕೋಟಿ 37 ಲಕ್ಷ ಸಲಕ್ಕೆ ಒಂದು ಸಾವು ಸಂಭವಿಸಿತು. 1968ರಿಂದ 1977ರ ಅವಧಿಯಲ್ಲಿ ಅದು ಮೂರೂವರೆ ಲಕ್ಷಕ್ಕೆ ಒಂದಿತ್ತು.

ಈ ಇಳಿಕೆ ತಾನಾಗಿ ಬಂದದ್ದಲ್ಲ. ಪ್ರತಿ ಅಪಘಾತದ ಅವಶೇಷವನ್ನೂ ಕೂಡಿಸಿ, ಕಾರಣ ಹುಡುಕಿ, ನಿಯಮ ಬದಲಿಸಿದ್ದರಿಂದ ಬಂದದ್ದು. 1996ರ ನವೆಂಬರಿನಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತ ಮೇಲೆ, ಎದುರಿನ ವಿಮಾನವನ್ನು ಗುರುತಿಸಿ ಪೈಲಟ್‌ಗೆ ತಪ್ಪಿಸಿಕೊಳ್ಳಲು ಹೇಳುವ ಉಪಕರಣವನ್ನು ಭಾರತದಲ್ಲಿ ಕಡ್ಡಾಯಗೊಳಿಸಲಾಯಿತು. ಇನ್ನು ಹಾರಾಟವನ್ನು ಬಿಟ್ಟು ರಸ್ತೆ ಹಿಡಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. 2001ರ ಸೆಪ್ಟೆಂಬರಿನ ದಾಳಿಯ ನಂತರದ ಒಂದು ವರ್ಷದಲ್ಲಿ ವಿಮಾನ ಬಿಟ್ಟು ಕಾರಿನಲ್ಲಿ ಹೊರಟ ಅಮೆರಿಕನ್ನರಲ್ಲಿ ಸುಮಾರು 1500 ಮಂದಿ ಹೆಚ್ಚುವರಿಯಾಗಿ ರಸ್ತೆಯಲ್ಲಿ ಸತ್ತರೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಅಂದಾಜಿಸಿದ್ದಾರೆ. ಆದರೂ ಅಂಕಿಗಳನ್ನು ನಾನು ಕೊನೆಗಿಟ್ಟದ್ದಕ್ಕೆ ಕಾರಣವಿದೆ. ಅವು ವಿಚಾರಕ್ಕೆ ತಟ್ಟುತ್ತವೆ, ಅಮಿಗ್ಡಲಾದ ಕಿವಿಗೆ ಬೀಳುವುದಿಲ್ಲ. ನಡುಗುತ್ತಿರುವವರಿಗೆ ಅಂಕಿ ಹೇಳಿದರೆ ಅವರು ಒಂಟಿಯಾಗುತ್ತಾರಷ್ಟೆ.

ಮಾಡಬಹುದಾದ ಕೆಲಸಗಳು ಸಣ್ಣವು. ಹೊರಡುವ ಕೆಲವು ವಾರಗಳ ಮೊದಲು ಬೇರೆಯವರನ್ನು ಕಳುಹಿಸುವ ನೆಪದಲ್ಲಿ ನಿಲ್ದಾಣಕ್ಕೆ ಹೋಗಿ, ವಿಮಾನಗಳು ಏರಿಳಿಯುವುದನ್ನು ಒಂದು ಗಂಟೆ ನೋಡಿಕೊಂಡು ಬರಬಹುದು. ಸಾಧ್ಯವಿದ್ದರೆ ಮೊದಲ ಹಾರಾಟ ಚಿಕ್ಕದಾಗಿರಲಿ, ಮಂಗಳೂರಿನಿಂದ ಬೆಂಗಳೂರಿಗೆ ಹೋಗುವಂಥ ಒಂದು ಗಂಟೆಯ ಹಾದಿ ಸಾಕು. ಬೆಳಗಿನ ವಿಮಾನ ಒಳ್ಳೆಯದು, ನೆಲ ಕಾಯುವ ಮೊದಲು ಗಾಳಿ ಶಾಂತವಾಗಿರುತ್ತದೆ. ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕುಲುಕಾಟ ಕಡಿಮೆ, ಬಾಲದ ಕಡೆ ಹೆಚ್ಚು. ಹತ್ತುವಾಗಲೇ ಗಗನಸಖಿಯರಿಗೆ ‘ನನಗೆ ಭಯ ಇದೆ’ ಎಂದು ಹೇಳಿಬಿಡಬೇಕು; ಮುಚ್ಚಿಟ್ಟುಕೊಳ್ಳುವ ಶ್ರಮವೇ ಅರ್ಧ ಭಾರ, ಅವರಿಗೆ ಇದು ದಿನನಿತ್ಯದ ಅನುಭವ. ಆ ದಿನ ಕಾಫಿ ಕಡಿಮೆಯಿರಲಿ. ನಮ್ಮದೇ ಬೆಳೆಯಾದರೂ ಅದು ಎದೆಬಡಿತವನ್ನು ಏರಿಸುತ್ತದೆ, ಗಾಬರಿಯ ಲಕ್ಷಣಕ್ಕೂ ಅದಕ್ಕೂ ದೇಹ ವ್ಯತ್ಯಾಸ ತಿಳಿಯುವುದಿಲ್ಲ. ಅಲೆ ಏಳತೊಡಗಿದಾಗ ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆರು ಎಣಿಸುವವರೆಗೆ ನಿಧಾನವಾಗಿ ಹೊರಗೆ ಬಿಡಬೇಕು. ಹೊರಗೆ ಬಿಡುವುದು ಉದ್ದವಾದಷ್ಟೂ ಎದೆಬಡಿತ ತಗ್ಗುತ್ತದೆ, ಬೆರಳ ಜುಮ್ಮು ಇಳಿಯುತ್ತದೆ. ಭಯವನ್ನು ಅದುಮಲು ಹೋಗದೆ ‘ಬಂತು, ಏರುತ್ತಿದೆ, ಇಳಿಯುತ್ತದೆ’ ಎಂದು ಗಮನಿಸುತ್ತಿದ್ದರೆ ಸಾಕು.

ಮಾತ್ರೆಯ ಬಗ್ಗೆ ಎಚ್ಚರ ಬೇಕು. ನೆರೆಯವರ ಮನೆಯ ನಿದ್ದೆ ಮಾತ್ರೆಯನ್ನು ಕೇಳಿ ಪಡೆದು ನುಂಗುವುದು, ಅದರ ಮೇಲೆ ಎರಡು ಪೆಗ್ ಹಾಕುವುದು, ಎರಡೂ ಅಪಾಯಕರ. 1997ರಲ್ಲಿ ಪ್ರಕಟವಾದ ವಿಲ್ಹೆಲ್ಮ್ ಮತ್ತು ರಾತ್ ಅವರ ಅಧ್ಯಯನದಲ್ಲಿ, ಆಲ್ಪ್ರಜೋಲಾಂ ಮಾತ್ರೆ ತೆಗೆದುಕೊಂಡವರಿಗೆ ಮೊದಲ ಹಾರಾಟದಲ್ಲಿ ಆತಂಕ ಕಡಿಮೆಯೆನಿಸಿದರೂ, ಒಂದು ವಾರದ ನಂತರ ಮಾತ್ರೆಯಿಲ್ಲದೆ ಹಾರಿದಾಗ ಬರಿಯ ಸಕ್ಕರೆ ಗುಳಿಗೆ ತೆಗೆದುಕೊಂಡಿದ್ದವರಿಗಿಂತ ಹೆಚ್ಚು ಗಾಬರಿಯಾಯಿತು. ಅಲೆ ಇಳಿಯುವುದನ್ನು ಕಲಿಯುವ ಅವಕಾಶವನ್ನು ಮಾತ್ರೆ ಕಸಿದುಕೊಂಡಿರಬೇಕು. ಮನೋವೈದ್ಯರು ಯೋಚಿಸಿ ಕೊಟ್ಟರೆ ಆ ಮಾತು ಬೇರೆ. ಭಯ ಬದುಕನ್ನೇ ಕಟ್ಟಿಹಾಕುವಷ್ಟಿದ್ದರೆ ಹಂತಹಂತವಾಗಿ ಎದುರಿಸಲು ಕಲಿಸುವ ಚಿಕಿತ್ಸೆಯಿದೆ, ಹಲವರಿಗೆ ಕೆಲವೇ ಭೇಟಿಗಳಲ್ಲಿ ಗುಣ ಕಾಣುತ್ತದೆ. ಮೊದಲ ಮಾತಿಗೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಬೇಕಾಗಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮನೆಯಿಂದಲೇ ಕರೆ ಮಾಡಿ ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದು.

ಚಿಕ್ಕಮ್ಮ ಹೋದರು. ಕಿಟಕಿಯ ಪಕ್ಕ ಅವರು, ಮಧ್ಯದಲ್ಲಿ ನಾನು. ಇಂಜಿನ್ ಸದ್ದು ತಗ್ಗಿದಾಗ ಅವರ ಉಗುರು ನನ್ನ ಮುಂಗೈಗೆ ಊರಿಕೊಂಡಿತು. ‘ಇದು ಅಲ್ವಾ ಮಗ, ಅಣ್ಣ ದಪ್ಪಗೆ ಬರೆದದ್ದು?’ ಎಂದು ಕೇಳಿ, ನಡುಗುವ ಕೈಯಿಂದಲೇ ಹಾಳೆಯ ಮೇಲೆ ಟಿಕ್ ಹಾಕಿದರು. ಅರ್ಧ ಗಂಟೆ ಬೆವರಿದರು. ಆಮೇಲೆ ಕೆಳಗೆ ಸಮುದ್ರದ ಮೇಲೆ ಬಿದ್ದಿದ್ದ ಮೋಡದ ನೆರಳುಗಳನ್ನು ಎಣಿಸತೊಡಗಿದರು. ಒಂದು ತಿಂಗಳ ನಂತರ ಹಿಂದಿರುಗುವಾಗ ಒಬ್ಬರೇ ಬಂದರು. ಮನೆ ತಲುಪಿದ ಸಂಜೆಯೇ ಹಾಳೆಯನ್ನು ಹಿಡಿದು ಪಕ್ಕದ ತೋಟಕ್ಕೆ ಹೋದರು, ಕಾರಣ ಪಟ್ಟಿಯಲ್ಲಿ ಇಲ್ಲದ ಸದ್ದೊಂದನ್ನು ಅವರು ಕೊನೆಯಲ್ಲಿ ತಾವೇ ಬರೆದುಕೊಂಡಿದ್ದರು: ‘ಇಳಿದ ಮೇಲೆ ಕಾಲಡಿಯಲ್ಲಿ ಗರಗಸದಲ್ಲಿ ಮರ ಕುಯ್ದ ಹಾಗೆ, ಏಳೆಂಟು ಸಲ.’

ಹಿರಿಯರು ಅದನ್ನು ಓದಿ ಕನ್ನಡಕ ತೆಗೆದರು. ಎ320 ವಿಮಾನದಲ್ಲಿ ಚಕ್ರ, ರೆಕ್ಕೆಯ ಹಲಗೆ ಮುಂತಾದವನ್ನು ದ್ರವದ ಒತ್ತಡದಿಂದ ಆಡಿಸುವ ಹೈಡ್ರಾಲಿಕ್ ವ್ಯವಸ್ಥೆಗಳು ಒಂದಕ್ಕಿಂತ ಹೆಚ್ಚಿವೆ. ಇಳಿದ ಮೇಲೆ ಇಂಧನ ಉಳಿಸಲು ಒಂದು ಇಂಜಿನನ್ನು ಆರಿಸಿದಾಗ ಆ ಬದಿಯ ಒತ್ತಡ ಕುಸಿಯುತ್ತದೆ. ಆಗ ಇನ್ನೊಂದು ಬದಿಯ ಒತ್ತಡದಿಂದ ಅದನ್ನು ಸರಿದೂಗಿಸಲು ನಡುವಿನ ಪಂಪೊಂದು ತಾನಾಗಿ ಚಾಲೂ ಆಗುತ್ತದೆ, ನಿಲ್ಲುತ್ತದೆ, ಮತ್ತೆ ಚಾಲೂ ಆಗುತ್ತದೆ; ಗರಗಸದ ಸದ್ದು ಅದರದ್ದು. ಅವರು ಇದನ್ನೆಲ್ಲ ವಿವರಿಸುತ್ತಿದ್ದಂತೆ ಚಿಕ್ಕಮ್ಮ ಪೆನ್ಸಿಲ್ ಕೇಳಿ ಪಡೆದು, ಆ ಸಾಲಿನ ಮುಂದೆ ‘ಪಂಪು’ ಎಂದು ಬರೆದುಕೊಂಡರು.